ಅರವತ್ಮೂರನೆಯ ಮರ ಟೊಳ್ಳಾಗಿತ್ತು

1961ರ ಫೆಬ್ರುವರಿಯಲ್ಲಿ ನಾನು ಧಾರವಾಡದ ಒಂದು ಅರಣ್ಯ ಕಚೇರಿಯಲ್ಲಿ ಫಾರೆಸ್ಟರ್ ಆಗಿದ್ದೆ. ಇಷ್ಟು ಮಾತ್ರ ನೂರಕ್ಕೆ ನೂರು ನಿಜ, ಏಕೆಂದರೆ ಇದು ನನ್ನ ಸರ್ವಿಸ್ ಪುಸ್ತಕದಲ್ಲಿದೆ. ಮುಂದೆ ಹೇಳುವುದರಲ್ಲಿ ಕೆಲವು ನನ್ನ ಫೀಲ್ಡ್ ಬುಕ್ಕಿನಲ್ಲಿವೆ, ಕೆಲವು ಕಚೇರಿಯ ಫೈಲಿನಲ್ಲಿದ್ದವು, ಉಳಿದವು ನನ್ನ ತಲೆಯಲ್ಲಿವೆ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸಿ ಬರೀರಿ ಎಂದು ಮಗಳು ಹೇಳುತ್ತಾಳೆ. ಹೊಂದಿಸುವುದಿಲ್ಲ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಹಾಗೆಂದೇ ಬರೆಯುತ್ತೇನೆ.

ನಮ್ಮ ತಂಡದ ಕೆಲಸಕ್ಕೆ ವರ್ಕಿಂಗ್ ಪ್ಲಾನ್ ಎಂದು ಹೆಸರು. ಯಾವ ಕಾಡಿನಲ್ಲಿ ಯಾವ ಮರ ಎಷ್ಟಿದೆ, ಯಾವುದನ್ನು ಯಾವ ವರ್ಷ ಕಡಿಯಬೇಕು ಎಂದು ಮುಂಚಿತವಾಗಿಯೇ ಬರೆದಿಡುವುದು. ಮಳೆಗಾಲದಲ್ಲಿ ಧಾರವಾಡದ ಹಂಚಿನ ಕಚೇರಿಯಲ್ಲಿ ಕುಳಿತು ಬರೆಯುತ್ತಿದ್ದೆವು, ಉಳಿದ ಕಾಲ ಘಟ್ಟದಲ್ಲಿ ಡೇರೆ. ಕಾಡನ್ನು ಕಾಗದದ ಮೇಲೆ ತುಂಡುಗಳಾಗಿ ಹಂಚಿರುತ್ತಾರೆ. ಒಂದೊಂದು ತುಂಡಿಗೆ ಕಂಪಾರ್ಟ್‌ಮೆಂಟ್ ಎನ್ನುತ್ತಾರೆ. ಆ ವರ್ಷ ನನಗೆ ಬಂದದ್ದು ಹದಿನೇಳನೆಯದು.

ದಾಂಡೇಲಿ ದಾಟಿ ಲಾರಿ ಹೋಗುವಷ್ಟು ದೂರ ಲಾರಿ, ಅಲ್ಲಿಂದ ಎರಡು ದಿನ ಕಾಲ್ನಡಿಗೆ. ನಾನು ಅಲ್ಲಿಯತನಕ ಕಂಡಿದ್ದ ಕಾಡೆಂದರೆ ಕಲಘಟಗಿ ಕಡೆಯ ಸಾಗವಾನಿ, ಬೇಸಿಗೆ ಬಂತೆಂದರೆ ಎಲೆ ಕಳಚಿ ನಿಲ್ಲುವ ಕಾಡು. ಮೊದಲ ದಿನದ ನಡಿಗೆಯಲ್ಲಿ ಅದೇ ಕಾಡಿತ್ತು. ಎರಡನೆಯ ದಿನ ಒಂದು ಕಣಿವೆ ಇಳಿದು ಹಳ್ಳ ದಾಟಿದೆವು. ಅಲ್ಲಿಂದ ಮುಂದೆ ಕಾಡಿಗೆ ಬೇಸಿಗೆಯ ಸುದ್ದಿಯೇ ಮುಟ್ಟಿದಂತಿರಲಿಲ್ಲ. ನಡುಹಗಲಿನಲ್ಲೂ ನೆಲಕ್ಕೆ ಬಿಸಿಲಿಲ್ಲ. ಮರಗಳ ಬುಡ ಗೋಡೆಯಂತೆ ನಾಲ್ಕೂ ಕಡೆ ಹರಡಿಕೊಂಡಿದ್ದು, ಎರಡು ಬೇರುಗಳ ನಡುವೆ ನಾವು ಗಂಟು ಮೂಟೆ ಇಟ್ಟು ಊಟ ಮಾಡುತ್ತಿದ್ದೆವು. ಗುಡ್ಡದ ನೆತ್ತಿಯಲ್ಲಿ ಮಾತ್ರ ಮರವಿಲ್ಲ, ಬರೀ ಹುಲ್ಲು. ಬೆಳಿಗ್ಗೆ ಅಲ್ಲಿ ಕಾಡುಕೋಣಗಳು ಮೊಣಕಾಲತನಕ ಬಿಳಿ ಸಾಕ್ಸ್ ಹಾಕಿಕೊಂಡವರಂತೆ ನಿಂತಿರುತ್ತಿದ್ದವು. ಪಶ್ಚಿಮಕ್ಕೆ ನೆಲ ಕತ್ತರಿಸಿದಂತೆ ಮುಗಿದು, ಕೆಳಗೆ ಮಂಜು. ಮಂಜಿನ ಕೆಳಗೆ ಆಗಿನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಗೋವಾ. ಕೆಂದಳಿಲು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಜಿಗಿದರೆ ಎಲೆಗಳ ಸದ್ದು ಬಹಳ ಹೊತ್ತಿನ ತನಕ ಕೆಳಗೆ ಇಳಿಯುತ್ತಲೇ ಇರುತ್ತಿತ್ತು.

ನನ್ನ ಕೆಲಸ ಅಲ್ಲಿ ಟೊಳ್ಳು ಮರ ಹುಡುಕುವುದು. ಇಂಪ್ರೂವ್‌ಮೆಂಟ್ ಫೆಲ್ಲಿಂಗ್ ಎಂಬ ಪದ್ಧತಿಯಿತ್ತು. ಮುದಿಯಾದ, ಒಳಗೆ ಕೊಳೆತ ಮರಗಳನ್ನು ಮೊದಲು ತೆಗೆದು ಎಳೆಯ ಮರಗಳಿಗೆ ಜಾಗ ಮಾಡಿಕೊಡುವುದು. ಕೈಪಿಡಿಯ ಪ್ರಕಾರ ಟೊಳ್ಳು ಮರ ಅಂದರೆ ಸುಮ್ಮನೆ ಜಾಗ ತಿನ್ನುವ ಮರ. ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ಎರಡು ಏಟು ಹಾಕಿ ಸದ್ದು ಕೇಳಬೇಕು. ಟೊಳ್ಳೆನಿಸಿದರೆ ಬುಡದಲ್ಲಿ ಅಂಗೈಯಗಲ ತೊಗಟೆ ಕೆತ್ತಿ, ಅಲ್ಲಿ ಸರ್ಕಾರದ ಸುತ್ತಿಗೆಯಿಂದ ಹೊಡೆಯಬೇಕು. ಆ ಸುತ್ತಿಗೆಯ ಮುಖದಲ್ಲಿ ಅಕ್ಷರ ಕೊರೆದಿರುತ್ತದೆ; ಅದರ ಗುರುತು ಮರದಲ್ಲಿ ಮೂಡುತ್ತದೆ. ಗುರುತು ಬಿದ್ದ ಮರವನ್ನು ಕಡಿಯಬಹುದು, ಗುರುತಿಲ್ಲದ ಮರವನ್ನು ಮುಟ್ಟಿದರೆ ಜೈಲು. ಸುತ್ತಿಗೆ ಕಳೆದರೆ ನೌಕರಿ ಹೋಗುತ್ತಿತ್ತು. ಮಲಗುವಾಗಲೂ ಅದು ತಲೆದಿಂಬಿನ ಕೆಳಗೆ.

ಸದ್ದು ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ತಂಡದಲ್ಲಿ ಇರಲಿಲ್ಲ. ಜಂಬವಲ್ಲ. ನಮ್ಮಪ್ಪ ಧಾರವಾಡದ ಮಾಳಮಡ್ಡಿಯಲ್ಲಿ ತಂಬೂರಿ ರಿಪೇರಿ ಮಾಡುತ್ತಿದ್ದ ಬಡಿಗೇರ. ಕುಂಬಳದ ಬುರುಡೆಯನ್ನು ಬೆರಳಗೆಣ್ಣಿನಿಂದ ತಟ್ಟಿ ಎಲ್ಲಿ ಬಿರುಕಿದೆ ಎಂದು ಹೇಳುತ್ತಿದ್ದರು. ನಾನು ಸಣ್ಣವನಿದ್ದಾಗಿನಿಂದ ಅದನ್ನೇ ಕೇಳಿ ಬೆಳೆದೆ. ಅಪ್ಪನ ಅಂಗಡಿಯಲ್ಲಿ ಟೊಳ್ಳಾಗಿದ್ದದ್ದು ಹಾಡುತ್ತದೆ, ನನ್ನ ಕಚೇರಿಯಲ್ಲಿ ಟೊಳ್ಳಾಗಿದ್ದದ್ದು ಸಾಯುತ್ತದೆ ಎಂದು ಆಗಲೇ ನನಗೆ ಹೊಳೆದಿತ್ತು ಎಂದು ಬರೆಯಬಹುದು. ಬಹಳ ಚಂದ ಕೂಡುತ್ತದೆ. ಅದಕ್ಕೇ ನನಗೆ ಅನುಮಾನ. ಬಹುಶಃ ಅದು ಆಮೇಲೆ ಹೊಳೆದದ್ದು.

ನನ್ನ ಜೊತೆ ಬಾಬು ಗಾವಡಾ ಇದ್ದ. ಆ ಕಾಡಿನಲ್ಲೇ ವಾಸಿಸುವ ಕುಣಬಿ ಜನದವನು, ಸುಮಾರು ಐವತ್ತರವನು, ನಮ್ಮ ದಾರಿ ತೋರಿಸುವ ವಾಚರ್. ಅವನದು ಕೊಂಕಣಿ ಬೆರೆತ ಕನ್ನಡ. ನಾಲ್ಕು ದಿನ ನಾನು ಬಡಿಯುತ್ತ ಹೋದೆ, ಅವನು ತೊಗಟೆ ಕೆತ್ತುತ್ತ ಬಂದ. ಐದನೆಯ ದಿನ ಹತ್ತು ಗಂಟೆಯ ಸುಮಾರಿಗೆ ಅರವತ್ಮೂರನೆಯ ಮರಕ್ಕೆ ಬಂದೆವು. ದೊಡ್ಡ ತಾರೆ ಮರ. ಫೀಲ್ಡ್ ಬುಕ್ಕಿನಲ್ಲಿ ಇರುವುದು ಹೀಗೆ: "63. ತಾರೆ. ಸುತ್ತಳತೆ 11 ಅಡಿ. ಟೊಳ್ಳು. ಗುರುತು ಹಾಕಿದೆ."

ಗುರುತಿನ ಏಟಿನ ಸದ್ದು ಅಡಗುವ ಮೊದಲೇ ಮೇಲಿನಿಂದ, ಮರದ ಒಳಗಿನಿಂದ, ಇನ್ನೊಂದು ಏಟು ಬಂತು. ಸಣ್ಣದು, ಒಣಗಿದ್ದು.

"ಯಾರಲೇ ಅದು ಮ್ಯಾಲೆ?" ಅಂದೆ.

ಬಾಬು ಕೊಡಲಿ ಊರಿ ನಿಂತು ನಕ್ಕ. "ಮನಿಯಾಕಿ, ಸಾಬ. ಕದಾ ಹಾಕ್ಕೊಂಡು ಕುಂತಾಳ. ನೀವು ಕದಾ ಬಡದ್ರಿ, ಯಾರು ಅಂತ ಕೇಳಿದ್ಲು."

"ಯಾವ ಮನಿಯಾಕಿ?"

"ಮಂಗಟ್ಟೆ."

ಮಂಗಟ್ಟೆ ಹಕ್ಕಿ ಕೊಕ್ಕಿನ ಮೇಲೆ ಹಳದಿ ಟೊಪ್ಪಿಗೆ ಹೊತ್ತುಕೊಂಡಿರುತ್ತದೆ. ಹಾರುವುದನ್ನು ನಾನು ಕಂಡಿದ್ದೆ, ಅದರ ಸಂಸಾರ ಗೊತ್ತಿರಲಿಲ್ಲ. ಬಾಬು ನನ್ನನ್ನು ಬೇರಿನ ಮರೆಯಲ್ಲಿ ಕೂರಿಸಿದ. ಮುಕ್ಕಾಲು ಗಂಟೆಯಾದ ಮೇಲೆ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಇಂಜಿನ್ ಉಗಿ ಬಿಟ್ಟಂತೆ ಸದ್ದಾಯಿತು. ಅದು ಗಂಡಿನ ರೆಕ್ಕೆ. ಗಂಡು ಬೊಡ್ಡೆಗೆ ಆತುಕೊಂಡು ನಿಂತಿತು. ನಲವತ್ತಡಿ ಎತ್ತರದಲ್ಲಿ ಒಂದು ಪೊಟರೆ, ಪೊಟರೆಯ ಬಾಯಿ ಮೆತ್ತಿದ ಗೋಡೆಯ ಹಾಗೆ ಮುಚ್ಚಿದೆ, ನಡುವೆ ಬೆರಳಗಲದ ಸೀಳು. ಸೀಳಿನಿಂದ ಒಂದು ಕೊಕ್ಕಿನ ತುದಿ ಹೊರಗೆ ಬಂತು. ಗಂಡು ಗಂಟಲಿನಿಂದ ಒಂದೊಂದೇ ಬಸರಿ ಹಣ್ಣು ತೆಗೆದು ಆ ತುದಿಗೆ ಕೊಟ್ಟಿತು. ಬಾಬು ಎಣಿಸಿದ, ಇಪ್ಪತ್ತೇಳು. ನನ್ನ ನೆನಪಿನಲ್ಲಿ ಇಪ್ಪತ್ತೊಂದು.

ಹೆಣ್ಣು ತಾನೇ ಒಳಗೆ ಹೊಕ್ಕು, ತನ್ನ ಹಿಕ್ಕೆಯಿಂದ ಬಾಗಿಲು ಮೆತ್ತಿಕೊಂಡು, ಮರಿ ಬಲಿಯುವ ತನಕ ಹೊರಗೆ ಬರುವುದಿಲ್ಲ. ಒಳಗಿದ್ದಾಗ ಅದರ ರೆಕ್ಕೆಯ ಗರಿಗಳು ಉದುರಿ ಹೊಸವು ಬರುತ್ತವೆ. ಮರ ಬಿದ್ದರೆ ಅದು ಹಾರಲಾರದು. ಕಡಿಯುವ ತಂಡ ಮುಂದಿನ ತಿಂಗಳೇ ಬರುವುದಿತ್ತು.

"ಮೊದಲ ಹೇಳಾಕ ಏನಾಗಿತ್ತಲೇ ನಿನಗ?" ಅಂದೆ. ಸಿಟ್ಟು ಅವನ ಮೇಲಲ್ಲ, ಆದರೆ ಎದುರಿಗೆ ಇದ್ದವನು ಅವನೇ.

"ನಾಕು ದಿನದಿಂದ ಬಡ್ಯಾಕತ್ತೀರಿ. ನನ್ನಂಥಾ ಕಿವಿ ಯಾರಿಗೂ ಇಲ್ಲ ಅಂತೀರಿ. ಎಲ್ಲಾ ಕೇಳಿಸಿಕೊಂಡೇ ಹೊಡೀತಾರ ಅಂದ್ಕೊಂಡೆ."

ಬಾಬು ಋಷಿಯಲ್ಲ. ಮಂಗಟ್ಟೆಯ ಕೊಬ್ಬು ಮೊಣಕಾಲು ನೋವಿಗೆ ಒಳ್ಳೆಯದೆಂದು ಪೊಟರೆಯಿಂದ ಮರಿ ತೆಗೆಯುತ್ತಿದ್ದವನು. ಅದನ್ನು ಹಿಡಿದೇ ನಾನು ಅವನ ಬಾಯಿ ಮುಚ್ಚಿಸಲು ನೋಡಿದೆ. "ನೀನೂ ತಿಂತೀಯಲ್ಲೋ ಅವನ್ನ!"

"ತಿಂತೇನಿ, ಖರೇ. ಒಂದು ಮರಕ್ಕ ಒಂದು ಮರಿ. ಮುಂದಿನ ವರ್ಷ ಆಕಿ ಅದೇ ಮನಿಗೆ ಬರ್ತಾಳ. ನೀವು ಮನೀನ ತಿಂತೀರಿ, ಸಾಬ."

ಒಳಗಿನಿಂದ ಬಂದ ಆ ಏಟಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹಕ್ಕಿಗಳನ್ನು ಬಲ್ಲವರೊಬ್ಬರು ಆಮೇಲೆ ನನಗೆ ಹೇಳಿದರು: ಹೊರಗೆ ಗದ್ದಲವಾದರೆ ಒಳಗಿನ ಹೆಣ್ಣು ಉಸಿರು ಬಿಗಿಹಿಡಿದು ಕೂರುತ್ತದೆ, ತಿರುಗಿ ಬಡಿಯುವುದಿಲ್ಲ. ಫೀಲ್ಡ್ ಬುಕ್ಕಿನಲ್ಲೂ ಆ ಏಟಿನ ಮಾತಿಲ್ಲ. ಇರಲಿ. ಬಡಿಯಲಿಲ್ಲವೆಂದೇ ಇಟ್ಟುಕೊಳ್ಳಿ. ಆದರೆ ಅದೇ ಬುಕ್ಕಿನಲ್ಲಿ ಅರವತ್ಮೂರರ ನಂತರ ಆ ದಿನ ಒಂದು ಸಾಲೂ ಇಲ್ಲ. ದಿನಕ್ಕೆ ಹದಿನೈದು ಮರ ಗುರುತು ಮಾಡುತ್ತಿದ್ದವನು ಹತ್ತು ಗಂಟೆಗೆ ಯಾಕೆ ನಿಂತ? ಏನೋ ಕೇಳಿಸಿರಬೇಕು.

ಮರುದಿನದಿಂದ ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆ. ಈ ಸಲ ಬಡಿಯಲಿಲ್ಲ, ಬುಡದಲ್ಲಿ ಕುಳಿತು ನೆಲ ನೋಡಿದೆ. ಪೊಟರೆಯಲ್ಲಿ ಸಂಸಾರವಿದ್ದರೆ ಕೆಳಗೆ ಬೀಜ, ಹಿಕ್ಕೆ, ಗರಿ ಬಿದ್ದಿರುತ್ತವೆ, ಬಾಬು ತೋರಿಸಿಕೊಟ್ಟ. ನಾಲ್ಕು ಮರಗಳಲ್ಲಿ ಮಂಗಟ್ಟೆ. ಉಳಿದವುಗಳಲ್ಲಿ ಗಿಳಿ, ಗೂಬೆ, ಜೇನು, ಒಂದರಲ್ಲಿ ಪುನುಗು ಬೆಕ್ಕು. ಇನ್ನೊಂದರಲ್ಲಿ ಹಾರುವ ಅಳಿಲು ಹಗಲಿನ ನಿದ್ದೆ ಕೆಡಿಸಿದ್ದಕ್ಕೆ ತಲೆ ಹೊರಗೆ ಹಾಕಿ ನಮ್ಮನ್ನು ನೋಡಿ ಮತ್ತೆ ಒಳಗೆ ಹೋಯಿತು. ಕೆಲವು ಮರಗಳಲ್ಲಿ ಏನೂ ಕಾಣಲಿಲ್ಲ.

ಅರವತ್ಮೂರೂ ಮರಗಳ ಗುರುತು ರದ್ದು ಮಾಡಿದೆ. ಗುರುತಿನ ಮೇಲೆ ಅಡ್ಡಲಾಗಿ ಇನ್ನೊಮ್ಮೆ ಸುತ್ತಿಗೆ ಹೊಡೆದರೆ ಆ ಗುರುತು ಸತ್ತಂತೆ. ಗುರುತು ಮಾಡಿದವನಿಗೆ ಆ ಅಧಿಕಾರವಿತ್ತು, ಆದರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಕೈಪಿಡಿ ಒಪ್ಪುವ ಕಾರಣ ಮೂರೇ: ಜಾತಿ ತಪ್ಪು, ಅಳತೆ ತಪ್ಪು, ಗಡಿ ತಪ್ಪು. ನಾನು ನಾಲ್ಕನೆಯದನ್ನು ಬರೆದೆ: "ಟೊಳ್ಳು. ಒಳಗೆ ವಾಸವಿದೆ."

ಕಡಿಯುವ ತಂಡ ಮಾರ್ಚಿನಲ್ಲಿ ಎರಡು ದಿನ ನಡೆದು ಬಂದು, ಸತ್ತ ಗುರುತುಗಳನ್ನು ನೋಡಿ, ಬೈದುಕೊಂಡು ಹಿಂದಿರುಗಿತು. ಏಪ್ರಿಲ್ ಮೊದಲ ವಾರದಲ್ಲಿ ನನ್ನನ್ನು ಧಾರವಾಡಕ್ಕೆ ಕರೆಸಿದರು.

ನಮ್ಮ ಮೇಲಧಿಕಾರಿ ನಾಡಗೌಡ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಕಿಟಕಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿ, ಮೇಜಿನ ಮೇಲೆ ನನ್ನ ರಿಜಿಸ್ಟರು.

"ಬಡಿಗೇರ, ನೀವು ಫಾರೆಸ್ಟರೋ, ಹಕ್ಕಿಗೋಳ ಮನಿ ಮಾಲಕರೋ?"

"ಫಾರೆಸ್ಟರ್ ರೀ. ಇನ್ನೂ ಬಾಡಿಗಿ ವಸೂಲಿ ಮಾಡಿಲ್ಲ."

ಅವರು ನಗಲಿಲ್ಲ. "ನಾಕು ಮರದಾಗ ಹಕ್ಕಿ ಇದ್ದವು, ಒಪ್ಪಿದೆ. ಏನೂ ಇಲ್ಲದ್ದನ್ನ ಯಾಕ ರದ್ದು ಮಾಡಿದ್ರಿ?"

"ಖಾಲಿ ಮನಿಗೆ ಬಾಡಿಗಿಗೈತಿ ಅಂತ ಬೋರ್ಡ್ ಹಾಕ್ತಾರ್ರಿ. ಕೆಡವಂಗಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ದನಿ ಇಳಿಸಿ ಹೇಳಿದ್ದು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ; ಅಥವಾ ಹಾಗೆಂದು ನಾನು ನಂಬಿದ್ದೇನೆ. "ನೋಡ್ರಿ, ನಾಕು ವರ್ಷದ ಸರ್ವಿಸ್, ಇನ್ನೂ ಪಕ್ಕಾ ಆಗಿಲ್ಲ. ನಾ ನಿಮ್ಮನ್ನ ಉಳಸಲಿಕ್ಕೆ ನೋಡಾಕತ್ತೇನಿ. ಒಂದೇ ಸಾಲು ಬರದು ಕೊಡ್ರಿ. ಥಂಡಿಯಾಗಿ ಕಿವಿ ಕಟ್ಟಿತ್ತು, ಟೊಳ್ಳು ಗಟ್ಟಿ ತಿಳೀಲಿಲ್ಲ, ಅದಕ್ಕ ರದ್ದು ಮಾಡಿದೆ ಅಂತ. ಮುಗದು ಹೋತು. ನೌಕರಿ ಉಳೀತದ."

"ಮರಾ?"

"ಇನ್ನೊಬ್ಬರನ್ನ ಕಳಸ್ತೀನಿ. ಮಳಿಗಿಂತ ಮೊದಲ ಮತ್ತೊಮ್ಮೆ ಬಡದು ನೋಡಿ ಬರ್ತಾರ."

ವಿಷಯ ಅಲ್ಲಿಗೆ ಬಂದು ನಿಂತಿತು. ನನ್ನ ಕಿವಿ ತಪ್ಪಿತೆಂದು ನಾನು ಬರೆದರೆ, ಕಿವಿ ಸರಿಯಿದ್ದ ಇನ್ನೊಬ್ಬ ಸುತ್ತಿಗೆ ಹಿಡಿದು ಹೋಗುತ್ತಾನೆ. ಅವನು ಬಡಿಯುತ್ತಾನೆ, ಮರಗಳು ಟೊಳ್ಳೆಂದೇ ಹೇಳುತ್ತವೆ, ಮರಿಗಳು ಪೊಟರೆ ಬಿಡುವ ಮೊದಲೇ ಕೊಡಲಿ ಬೀಳುತ್ತದೆ. ಕಿವಿ ಸರಿಯಿದೆ, ಮರ ಟೊಳ್ಳೇ, ಆದರೂ ಕಡಿಯಬಾರದು ಎಂದು ಬರೆದರೆ ಮಾತ್ರ ಅದು ಕೈಪಿಡಿಯಲ್ಲಿ ಉತ್ತರವಿಲ್ಲದ ಪ್ರಶ್ನೆಯಾಗುತ್ತದೆ. ಉತ್ತರವಿಲ್ಲದ ಪ್ರಶ್ನೆಗಳು ಮೇಲಕ್ಕೆ ಹೋಗುತ್ತವೆ. ಮೇಲಕ್ಕೆ ಹೋದದ್ದು ಮಳೆಗಿಂತ ಮೊದಲು ಕೆಳಗೆ ಬಂದದ್ದನ್ನು ನಾನು ಕಂಡಿರಲಿಲ್ಲ.

ಒಂದು ದಿನದ ವ್ಯವಧಾನ ಕೇಳಿ ಮನೆಗೆ ಹೋದೆ. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ತಂಬೂರಿಯ ಬುರುಡೆಗೆ ಅಂಟು ಹಚ್ಚುತ್ತಿದ್ದರು. ಎಲ್ಲ ಹೇಳಿದೆ. ಹಕ್ಕಿಯ ಕಥೆ ಅವರಿಗೆ ಬೇಕಾಗಿರಲಿಲ್ಲ.

"ಕಿವಿ ಕೇಳಲಿಲ್ಲ ಅಂತ ಬರದು ಕೊಡಂದ್ರೇನೋ ಮೌನ್ಯಾ?"

"ಹೌದಪ್ಪಾ."

"ಬಡಿಗೇರನ ಮಗಾ ಕಿವುಡ ಅಂತ ಸರ್ಕಾರದ ಕಾಗದದಾಗ ಬಂದ್ರ ನಾಳೆ ನನ್ನ ಅಂಗಡಿಗೆ ಯಾರು ತಂಬೂರಿ ತರ್ತಾರ? ನೌಕರಿ ಹೋದರ ಹೋಗ್ಲಿ. ಬಂದು ಅಂಟು ಕಲಸು."

ಹಕ್ಕಿಗಳಿಗಾಗಿ ಎದೆಯೊಡ್ಡಿದ ಎಂದು ನನ್ನ ಬಗ್ಗೆ ಒಬ್ಬರು ಬರೆದದ್ದುಂಟು. ಎಷ್ಟು ಪಾಲು ಹಕ್ಕಿಗಾಗಿ, ಎಷ್ಟು ಪಾಲು ನನ್ನ ಕಿವಿಯ ಅಭಿಮಾನಕ್ಕಾಗಿ ಎಂದು ನನಗೆ ಇಂದಿಗೂ ತಿಳಿಯದು. ಮರುದಿನ ಸಾಹೇಬರ ಎದುರಿಗೆ ನಿಂತು, "ಬರಿಯಂಗಿಲ್ಲರೀ" ಎಂದೆ.

"ಹಟಾ ಮಾಡಬ್ಯಾಡ್ರಿ."

"ಹಟಾ ಅಲ್ಲರೀ. ನನ್ನ ಕಿವಿ ನೆಟ್ಟಗೈತಿ. ಬೇಕಾದ್ರ ಪರೀಕ್ಷಾ ಮಾಡಸ್ರಿ."

ಅವರು ನಿಜವಾಗಿಯೂ ಮಾಡಿಸಿದರು. ಕಿವಿಯಲ್ಲಿ ಸಣ್ಣ ದೋಷವಾದರೂ ಸಿಕ್ಕರೆ ನಾನು ಒಪ್ಪದೆಯೇ ನನ್ನನ್ನು ಉಳಿಸಬಹುದೆಂದು ಅವರು ಎಣಿಸಿರಬೇಕು. ಪತ್ರ ಬರೆದು ಸರ್ಕಾರಿ ದವಾಖಾನೆಗೆ ಕಳಿಸಿದರು. ಎಂಟು ದಿನ ಬಿಟ್ಟು ಸರದಿ ಬಂತು. ವಯಸ್ಸಾದ ಡಾಕ್ಟರು ಪತ್ರವನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. "ಮರಾ ಬಡದು ಕೇಳಲಿಕ್ಕೆ ಕಿವಿ ಬೇಕೇನು?"

"ಮರ ಬಡಿಯಾಕ ಕೊಡ್ಲಿ ಬೇಕ್ರಿ. ಕೇಳಾಕ ಕಿವಿ."

ತಟ್ಟಿದರೆ ಒಂದೇ ಸ್ವರ ಹೊರಡಿಸುವ ಉಕ್ಕಿನ ಕವಲುಕಡ್ಡಿಯೊಂದನ್ನು, ಟ್ಯೂನಿಂಗ್ ಫೋರ್ಕನ್ನು, ಮಂಡಿಗೆ ತಟ್ಟಿ ನನ್ನ ಎಡಕಿವಿಯ ಹತ್ತಿರ ಹಿಡಿದರು. "ಕೇಳಸ್ತದೇನು?"

"ಕೇಳಸ್ತೈತ್ರಿ. ಪೆಟಗಿಯ ಬಿಳಿ ಒಂದು. ಒಂದು ಕೂದಲೆಳಿ ಇಳದೈತಿ." ಪೆಟಗಿ ಅಂದರೆ ಹಾರ್ಮೋನಿಯಮ್. ನಮ್ಮಲ್ಲಿ ಅದರ ಮನೆಗಳನ್ನು ಬಿಳಿ ಒಂದು, ಕರಿ ಎರಡು ಎಂದು ಎಣಿಸಿ ಸ್ವರದ ಎತ್ತರ ಹೇಳುತ್ತಾರೆ.

ಡಾಕ್ಟರು ಕಡ್ಡಿಯನ್ನು ತಮ್ಮ ಕಿವಿಗೆ ಹಿಡಿದುಕೊಂಡರು. "ಇಳದದೇನು? ಇಪ್ಪತ್ತು ವರ್ಷದಿಂದ ಇದನ್ನ ಬಡ್ಯಾಕತ್ತೀನಿ." ಬಲಕಿವಿಯನ್ನು ಪರೀಕ್ಷಿಸುವ ಮುನ್ನವೇ ಕಾಗದ ಬರೆಯಲು ಕುಳಿತರು. ಎರಡೂ ಕಿವಿ ನಿರ್ದೋಷ ಎಂದು ಬರೆದು, ಸಹಿ ಹಾಕಿ, ಇನ್ನೊಂದು ಪ್ರತಿ ನನ್ನ ಕೈಗೆ ಕೊಟ್ಟರು.

ಆ ಕಾಗದ ಲಗತ್ತಿಸಿ ನನ್ನ ಹೇಳಿಕೆ ಕೊಟ್ಟೆ. ಫೈಲಿಗೆ ಹೋದದ್ದು ಹೀಗಿತ್ತು: "ಅರವತ್ಮೂರು ಮರಗಳೂ ಟೊಳ್ಳು. ಗುರುತು ಮಾಡುವಾಗ ನನ್ನ ಕಿವಿ ತಪ್ಪಿಲ್ಲ. ರದ್ದು ಮಾಡುವಾಗ ನನ್ನ ಬುದ್ಧಿಯೂ ತಪ್ಪಿಲ್ಲ. ಕಡಿಯಬಾರದು." ನಾಡಗೌಡರು ಅದನ್ನು ಓದಿದರು. "ಬುದ್ಧಿಗೂ ಒಂದು ಸರ್ಟಿಫಿಕೇಟ್ ತರಬೇಕಿತ್ತು ನೀವು" ಎಂದು ಹೇಳಿ ಫೈಲನ್ನು ಬೆಂಗಳೂರಿಗೆ ಕಳಿಸಿದರು. ಸುತ್ತಿಗೆ ಮೇಜಿನ ಮೇಲಿಟ್ಟು ಬಂದೆ. ಮತ್ತೆಂದೂ ಅದು ನನ್ನ ಕೈಗೆ ಬರಲಿಲ್ಲ.

ಮೇ ಕಳೆಯಿತು, ಮಳೆ ಹಿಡಿಯಿತು, ಉತ್ತರ ಬರಲಿಲ್ಲ. ಹದಿನೇಳನೆಯ ಕಂಪಾರ್ಟ್‌ಮೆಂಟಿನ ಎದುರಿಗೆ 'ವಿಚಾರಣೆ ಬಾಕಿ' ಎಂದು ಬಿತ್ತು. ಪ್ಲಾನಿನ ಅವಧಿ ಮುಗಿಯುವ ತನಕ ಹಾಗೇ ಉಳಿಯಿತು. ನನ್ನನ್ನು ಬೀಜದ ಗೋದಾಮಿಗೆ ಹಾಕಿದರು. ನೌಕರಿ ಪಕ್ಕಾ ಆಗಲು ಇನ್ನೂ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಸಾಗವಾನಿ ಬೀಜ ಆರಿಸುತ್ತ, ಬಂದು ಹೋಗುವವರ ಕೊಂಕು ಕೇಳುತ್ತ ಕುಳಿತಿದ್ದೆ. "ಏನ್ರೀ ಬಡಿಗೇರ, ಬೀಜದಾಗ ಯಾರರೆ ಅದಾರೇನು?" ಎನ್ನುವರು. "ಅದಾರ್ರಿ, ಹೊರಗ ಬರಾಕ ಇನ್ನೂ ವ್ಯಾಳ್ಯಾ ಐತಿ" ಎನ್ನುತ್ತಿದ್ದೆ.

ಮರ ಉಳಿಸಿದ್ದು ನಾನೇ ಎಂದು ಹೇಳಲಾರೆ. ಜೊತೆಗಿದ್ದ ಒಬ್ಬ ಹಳೆಯ ಸರ್ವೇಯರ್ ಈಗಲೂ ಹೇಳುತ್ತಾರೆ: ಅಲ್ಲಿಗೆ ರಸ್ತೆಯೇ ಇರಲಿಲ್ಲ, ಕಡಿದಿದ್ದರೂ ಎತ್ತುಗಳು ದಿಮ್ಮಿ ಎಳೆದು ತರುತ್ತಿರಲಿಲ್ಲ, ಬಡಿಗೇರ ಇಲ್ಲದಿದ್ದರೂ ಆ ಕಾಡು ಉಳಿಯುತ್ತಿತ್ತು ಎಂದು. ಇರಬಹುದು. ಆದರೆ ದಿಮ್ಮಿ ಹೊರಗೆ ಬಾರದಿದ್ದರೂ ಮರವಂತೂ ಬಿದ್ದಿರುತ್ತಿತ್ತು, ಅದರೊಳಗೆ ಬಾಗಿಲು ಮುಚ್ಚಿಕೊಂಡವಳ ಸಹಿತ.

1968ರಲ್ಲಿ ರಜೆ ಹಾಕಿ ಒಮ್ಮೆ ಹೋಗಿದ್ದೆ. ಬಾಬುವಿಗೆ ಕಣ್ಣು ಮಂಜಾಗಿತ್ತು, ದಾರಿ ಮಂಜಾಗಿರಲಿಲ್ಲ. ಅರವತ್ಮೂರನೆಯ ಮರದ ಬುಡದಲ್ಲಿ ನಾವು ಕೆತ್ತಿದ ಗಾಯದ ಸುತ್ತ ತೊಗಟೆ ತುಟಿಯಂತೆ ದಪ್ಪವಾಗಿ ಬೆಳೆದು ಎರಡೂ ಏಟುಗಳನ್ನು ಬಹುಪಾಲು ನುಂಗಿತ್ತು. ನೆಲದ ಮೇಲೆ ಬಸರಿ ಬೀಜಗಳ ರಾಶಿ. "ಬಡೀರಿ ಸಾಬ, ಅದಾಳೋ ಇಲ್ಲೋ ನೋಡೋಣ" ಎಂದು ಬಾಬು ಕೆಣಕಿದ. "ನಿನ್ನ ಮೊಣಕಾಲು ಹ್ಯಾಂಗದಾವ, ಅದನ್ನ ಹೇಳು" ಎಂದೆ. "ಭಾಳ ನೋಯ್ತಾವ. ಮರ ಹತ್ತಾಕ ಆಗೂದಿಲ್ಲಲ್ಲ" ಎಂದು ನಕ್ಕ. ಈಗ ಆ ಗುಡ್ಡವೆಲ್ಲ ರಾಷ್ಟ್ರೀಯ ಉದ್ಯಾನ.

ಟೊಳ್ಳೆಂದು ಬರೆಯುವ ಮೊದಲು ಒಳಗೆ ಯಾರಿದ್ದಾರೆಂದು ನೋಡಬೇಕು: ಈ ಕೆಲಸ ಕಲಿಸಿದ ಪಾಠ ಇದೇ ಎಂದು ಬರೆದರೆ ಓದುವವರಿಗೆ ಸಂತೋಷ. ಅದು ಬಾಬುವಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ಸರ್ಕಾರಿ ನೌಕರಿ ಬೇಕಿರಲಿಲ್ಲ. ನೌಕರಿ ನನಗೆ ಕಲಿಸಿದ್ದು ಬೇರೆ. ಒಳ್ಳೆಯವರೇ ಬಂದು, ನಿನ್ನ ಒಳ್ಳೆಯದಕ್ಕೇ, ತಪ್ಪಾಯಿತೆಂದು ಒಂದು ಸಾಲು ಬರೆ ಎಂದಾಗ, ತಪ್ಪಾಗಿಲ್ಲದಿದ್ದರೆ ಬರೆಯಬಾರದು. ಆ ಸಾಲು ನಮ್ಮನ್ನು ಉಳಿಸುತ್ತದೆ, ನಾವು ಕಂಡದ್ದನ್ನು ಉಳಿಸುವುದಿಲ್ಲ.

ಈಗ ನನ್ನ ಎಡಕಿವಿ ಪೂರ್ತಿ ಹೋಗಿದೆ, ಬಲಕಿವಿ ಅರ್ಧ. ಆ ಹೊತ್ತು ಮರದೊಳಗಿನಿಂದ ಸದ್ದು ಬಂದದ್ದು ನಿಜವೋ, ನನ್ನ ಮುದಿತನ ಕಟ್ಟಿದ ಕಥೆಯೋ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಏನು ಕೇಳಿಸಿತು ಎಂಬುದಕ್ಕೆ ನನ್ನಲ್ಲಿ ಯಾವ ದಾಖಲೆಯೂ ಇಲ್ಲ. ಆದರೆ ಟ್ರಂಕಿನಲ್ಲಿ ಡಾಕ್ಟರ ಸಹಿಯಿರುವ ಒಂದು ಹಳದಿ ಕಾಗದವಿದೆ. ಅದನ್ನು ತೆಗೆದು ಅವರ ಕೈಗೆ ಕೊಡುತ್ತೇನೆ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ನನಗೆ ಕೇಳಿಸುತ್ತಿತ್ತು.